ಹೊಗೆಯಿಲ್ಲದ ಬೆಂಕಿ

ತರ್ಕಶಾಸ್ತ್ರವನ್ನು ಓದಲು ತೊಡಗಿದ ವಿದ್ಯಾರ್ಥಿಗೆ ಮೊಟ್ಟಮೊದಲು ಎದುರಾಗುವುದು ಒಂದು ಬೆಟ್ಟ, ಅದರ ಮೇಲೆ ಏಳುತ್ತಿರುವ ಹೊಗೆ. ಹೊಗೆ ಕಣ್ಣಿಗೆ ಕಾಣುತ್ತದೆ, ಬೆಂಕಿ ಕಾಣುವುದಿಲ್ಲ. ಆದರೂ ಬೆಟ್ಟದ ಮೇಲೆ ಬೆಂಕಿಯಿದೆಯೆಂದು ನಿಶ್ಚಯವಾಗಿ ಹೇಳಬಹುದು; ಏಕೆಂದರೆ ಎಲ್ಲೆಲ್ಲಿ ಹೊಗೆಯುಂಟೊ ಅಲ್ಲಲ್ಲಿ ಬೆಂಕಿಯುಂಟು. ಇದಕ್ಕೆ ಶಾಸ್ತ್ರಕಾರರು ಕೊಡುವ ನಿದರ್ಶನ ನಮ್ಮೆಲ್ಲರ ಅಡುಗೆಯ ಮನೆ. 17ನೆಯ ಶತಮಾನದ ಅನ್ನಂಭಟ್ಟನ ‘ತರ್ಕಸಂಗ್ರಹ’ವನ್ನು ಕಲಿತವರೆಲ್ಲರೂ ಈ ಮಾತನ್ನು ಬಲ್ಲರು.

ಆದರೆ ಅದೇ ಶಾಸ್ತ್ರ ಇನ್ನೊಂದು ಎಚ್ಚರಿಕೆಯನ್ನೂ ಕೊಡುತ್ತದೆ. ಈ ಮಾತನ್ನು ತಿರುಗಿಸಿ, ಎಲ್ಲೆಲ್ಲಿ ಬೆಂಕಿಯುಂಟೊ ಅಲ್ಲಲ್ಲಿ ಹೊಗೆಯುಂಟು ಎನ್ನುವಂತಿಲ್ಲ. ಕಾದು ಕೆಂಪಗಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯಿದೆ, ಹೊಗೆಯಿಲ್ಲ. ಹಸಿಯ ಸೌದೆ ಸೇರಿದರೆ ಮಾತ್ರ ಬೆಂಕಿ ಹೊಗೆಯಾಡುತ್ತದೆ. ತಾರ್ಕಿಕರಿಗೆ ಇದು ವಾದದ ಒಂದು ಸೂಕ್ಷ್ಮ. ನಮ್ಮ ಕಾಲದ ಗೃಹಸ್ಥನಿಗಾದರೊ ಇದು ಬದುಕು ಸಾವುಗಳ ಪ್ರಶ್ನೆಯಾಗಿದೆ. ಹೊಗೆಯಿಲ್ಲದ ಬೆಂಕಿ ಈಗ ನಮ್ಮ ಬಚ್ಚಲುಮನೆಗೆ ಬಂದಿದೆ. ಬಿಳಿಯ ತಗಡಿನ ಪೆಟ್ಟಿಗೆಯೊಳಗೆ ಕುಳಿತು, ನಲ್ಲಿ ತಿರುಗಿಸಿದೊಡನೆ ಭುಗ್ಗೆಂದು ಹೊತ್ತಿ, ಅರೆ ನಿಮಿಷದಲ್ಲಿ ಬಿಸಿನೀರು ಕೊಡುವ ಆ ಉಪಕರಣಕ್ಕೆ ಗ್ಯಾಸ್ ಗೀಸರ್ ಎಂದು ಹೆಸರು. ಅದರ ಪರೀಕ್ಷೆ ಮತ್ತು ಶುಚಿ ಈ ಲೇಖನದ ವಿಷಯ. ಸಾಹಿತ್ಯದ ಪುಟದಲ್ಲಿ ಇದಕ್ಕೇನು ಕೆಲಸವೆಂದು ಕೇಳುವ ವಾಚಕರು ತುಸು ತಾಳ್ಮೆಯಿಂದ ಮುಂದೆ ಓದಬೇಕು.

ಜಮಖಂಡಿ ತಾಲ್ಲೂಕಿನ ಸಾವಳಗಿಯಂಥ ಊರಿನಲ್ಲಿ ಸ್ನಾನದ ನೀರು ಕಾಯುತ್ತಿದ್ದ ಬಗೆಯನ್ನು ನೆನೆಯೋಣ. ಬಚ್ಚಲಿನಲ್ಲಿ ಒಲೆ, ಒಲೆಯ ಮೇಲೆ ಕದಲದಂತೆ ಕೂಡಿಸಿದ ತಾಮ್ರದ ಹಂಡೆ. ಉರಿಗೆ ಹತ್ತಿಯ ಕಟ್ಟಿಗೆ, ತೊಗರಿಯ ಕಟ್ಟಿಗೆ, ಹೊಲದಿಂದ ಕಿತ್ತು ತಂದ ಜೋಳದ ಕೂಳೆ, ಹಿತ್ತಿಲಲ್ಲಿ ತಟ್ಟಿ ಒಣಗಿಸಿದ ಕುಳ್ಳು. ಕೃಷ್ಣೆಯ ನೀರು ಹೊಲಗಳಿಗೆ ಹರಿದು ಕಬ್ಬು ಹೆಚ್ಚಿದ ಮೇಲೆ ಕಬ್ಬಿನ ರವದಿಯೂ ಒಲೆಗೆ ಬಂದಿತು. ಚಿಕ್ಕಪಡಸಲಗಿಯಲ್ಲಿ ರೈತರು ತಾವೇ ಹಣ ಕೂಡಿಸಿ, ಬೆವರು ಸುರಿಸಿ ನದಿಗೆ ಬ್ಯಾರೇಜು ಕಟ್ಟಿದ್ದು 1989ರಲ್ಲಿ. ಹೊಲದ ಬೆಳೆ ಬದಲಾದಂತೆ ಒಲೆಯ ಉರುವಲೂ ಬದಲಾಯಿತು. ಬದಲಾಗದೆ ಉಳಿದದ್ದು ಹೊಗೆಯೊಂದೆ. ಮಣ್ಣಿನ ಮಾಳಿಗೆಯ ಮನೆಗಳಲ್ಲಿ ಆ ಹೊಗೆಗೆ ಒಂದು ದಾರಿಯಿತ್ತು. ಮೇಲೆ ಬಿಟ್ಟ ಬೆಳಕಿಂಡಿ ಹಗಲು ಬೆಳಕನ್ನು ಒಳಗೆ ಇಳಿಸುವಂತೆಯೇ ಬೆಳಗಿನ ಹೊಗೆಯನ್ನು ಹೊರಗೆ ಕಳಿಸುತ್ತಿತ್ತು.

ಆ ಹೊಗೆಯನ್ನು ಹೊಗಳುವುದು ನನ್ನ ಉದ್ದೇಶವಲ್ಲ. ಅದು ಹೆಣ್ಣುಮಕ್ಕಳ ಕಣ್ಣನ್ನು ಉರಿಸಿತು, ಎದೆಯನ್ನು ಹಾಳುಮಾಡಿತು. ಗೋಡೆ ಜಂತೆಗಳನ್ನೆಲ್ಲ ಕರಿದು ಮಾಡಿತು. ಕಟ್ಟಿಗೆಯ ಹೊರೆಗಾಗಿ ನಡೆದ ಹಾದಿಯ ಲೆಕ್ಕವನ್ನು ಯಾರೂ ಬರೆದಿಟ್ಟಿಲ್ಲ. ಆದರೆ ಹೊಗೆಗೆ ಒಂದು ಗುಣವಿತ್ತು: ಅದು ಮುಚ್ಚುಮರೆಯಿಲ್ಲದ ಶತ್ರು. ಬಚ್ಚಲಲ್ಲಿ ಹೊಗೆ ಕವಿದರೆ ಕಣ್ಣಲ್ಲಿ ನೀರು ಬರುತ್ತದೆ, ಕೆಮ್ಮು ಬರುತ್ತದೆ. ಮನುಷ್ಯ ತಾನಾಗಿ ಎದ್ದು ಹೊರಗೆ ಬರುತ್ತಾನೆ. ಬಾಗಿಲು ತೆರೆಯಿರಿ ಎಂದು ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ; ಹೊಗೆಯೇ ಅದನ್ನು ಹೇಳುತ್ತಿತ್ತು.

ಒಲೆಯ ಶುಚಿಯನ್ನು ಕಲಿಸಿದ್ದೂ ಈ ಹೊಗೆ ಬೂದಿಗಳೆ. ಬೆಳಗಾದರೆ ನಿನ್ನೆಯ ಬೂದಿಯನ್ನು ತೋಡಿ ತೆಗೆಯಬೇಕು. ತೆಗೆಯದಿದ್ದರೆ ಗಾಳಿಯಾಡದು, ಉರಿ ಹತ್ತದು. ಒಲೆಯನ್ನು ಸಾರಿಸಬೇಕು, ಬಿರುಕು ಬಿಟ್ಟಲ್ಲಿ ಮಣ್ಣು ಮೆತ್ತಬೇಕು. ಹಂಡೆಯ ತಳದ ಮಸಿಯನ್ನು ಉಜ್ಜಬೇಕು. ಮಸಿ ದಪ್ಪವಾದರೆ ನೀರು ಬೇಗ ಕಾಯದು. ಇದನ್ನು ಮಾಡುತ್ತಿದ್ದವರು ಯಾವ ಯಂತ್ರಶಾಸ್ತ್ರವನ್ನೂ ಓದಿದವರಲ್ಲ. ಬೆಂಕಿಗೆ ಗಾಳಿ ಬೇಕು, ಕಸ ಬೇಡ, ಹೊಗೆಗೆ ದಾರಿ ಬೇಕು ಎಂಬ ಮೂರು ಮಾತುಗಳು ಅವರ ಕೈಗೆ ತಿಳಿದಿದ್ದವು. ಗ್ಯಾಸ್ ಗೀಸರಿನ ವಿಷಯದಲ್ಲಿ ಇಂದಿನ ಇಂಜಿನಿಯರು ಹೇಳುವುದೂ ಈ ಮೂರು ಮಾತುಗಳನ್ನೇ.

ಅನಿಲದಿಂದ ಸ್ನಾನದ ನೀರು ಕಾಯಿಸುವ ಯಂತ್ರ ಬಹಳ ಹೊಸದೇನೂ ಅಲ್ಲ. ಲಂಡನ್ನಿನ ಬೆಂಜಮಿನ್ ವ್ಯಾಡಿ ಮಾನ್ ಎಂಬಾತ 1868ರಲ್ಲಿ ಅದನ್ನು ರೂಪಿಸಿ, ಐಸ್‌ಲೆಂಡಿನ ಬಿಸಿನೀರ ಬುಗ್ಗೆಯ ಹೆಸರನ್ನು ಅದಕ್ಕಿಟ್ಟನು. ಗೀಸರ್ ಎಂಬ ಮಾತು ಅಲ್ಲಿಂದ ಬಂದದ್ದು. ಆ ಮೊದಲ ಯಂತ್ರಕ್ಕೆ ಹೊಗೆಕೊಳವೆ ಇರಲಿಲ್ಲ. ಉರಿದ ಅನಿಲವೆಲ್ಲ ಸ್ನಾನದ ಕೋಣೆಯೊಳಗೇ ಉಳಿಯುತ್ತಿತ್ತು. ಅಂದಿನ ಆ ದೋಷ, ಯಂತ್ರ ಎಷ್ಟೋ ಸುಧಾರಿಸಿದ ಮೇಲೂ, ಕೊಳವೆಯಿಲ್ಲದೆ ಅದನ್ನು ಕೂಡಿಸುವ ಮನೆಗಳಲ್ಲಿ ಹಾಗೆಯೇ ಉಳಿದುಬಂದಿದೆ. ನಮ್ಮ ದೇಶದಲ್ಲಿ ಸಿಲಿಂಡರಿನ ಅನಿಲ 1955ರ ಸುಮಾರಿಗೆ ಮುಂಬಯಿಯಲ್ಲಿ ಕಾಣಿಸಿಕೊಂಡಿತು. 1965ರಲ್ಲಿ ಕಲಕತ್ತೆಯಲ್ಲಿ ‘ಇಂಡೇನ್’ ಆರಂಭವಾಯಿತು. 2016ರ ಉಜ್ವಲಾ ಯೋಜನೆಯ ಅನಂತರ ಹಳ್ಳಿಯ ಬಡಕುಟುಂಬಗಳಿಗೂ ಅದು ತಲುಪಿತು. ಒಲೆ ಬದಲಾದ ಮೇಲೆ ಹಂಡೆಯೂ ಬದಲಾಗುವುದು ಸಹಜವೆ. ಕರೆಂಟು ಕೈಕೊಡುವ ಊರುಗಳಲ್ಲಿ ಗ್ಯಾಸ್ ಗೀಸರು ಅನುಕೂಲವೆನಿಸಿದರೆ ಆಶ್ಚರ್ಯವಿಲ್ಲ.

ಈ ಪುಟ್ಟ ಪೆಟ್ಟಿಗೆ ಎಷ್ಟು ಗಾಳಿಯನ್ನು ಕುಡಿಯುತ್ತದೆಂಬುದನ್ನು ಒಮ್ಮೆ ಲೆಕ್ಕ ಹಾಕಿ ನೋಡಬೇಕು. ನಿಮಿಷಕ್ಕೆ 6 ಲೀಟರು ನೀರನ್ನು 25 ಡಿಗ್ರಿಗಳಷ್ಟು ಹೆಚ್ಚು ಕಾಯಿಸಲು ಸುಮಾರು 17 ಗ್ರಾಂ ಅನಿಲ ಉರಿಯಬೇಕು. ತೂಕದಲ್ಲಿ ಅನಿಲದ 15 ಪಟ್ಟಿಗೂ ಮಿಗಿಲಾದ ಗಾಳಿ ಅದಕ್ಕೆ ಬೇಕು. ಎಂದರೆ ನಿಮಿಷವೊಂದಕ್ಕೆ ಸುಮಾರು 220 ಲೀಟರು. ನಾಲ್ಕಡಿ ಅಗಲ, ಆರಡಿ ಉದ್ದ, ಎಂಟಡಿ ಎತ್ತರದ ಬಚ್ಚಲುಮನೆಯಲ್ಲಿ ಹಿಡಿಸುವ ಗಾಳಿ ಸುಮಾರು 5,400 ಲೀಟರು. ಬಾಗಿಲು ಹಾಕಿ, ಚಳಿಯೆಂದು ಕಿಟಕಿಯನ್ನೂ ಮುಚ್ಚಿಕೊಂಡು ಹತ್ತು ನಿಮಿಷ ನೀರು ಬಿಟ್ಟರೆ, ಕೋಣೆಯ ಐದರಲ್ಲಿ ಎರಡು ಪಾಲಿನಷ್ಟು ಗಾಳಿಯನ್ನು ಬೆಂಕಿ ಕೇಳುತ್ತದೆ. ಒಳಗಿರುವ ಮನುಷ್ಯನೂ ಅದೇ ಗಾಳಿಯನ್ನು ಉಸಿರಾಡಬೇಕು.

ಗಾಳಿ ಸಾಲದಾದಾಗ ಬೆಂಕಿ ಕೂಡಲೆ ಆರುವುದಿಲ್ಲ. ಅದು ಅರೆಬರೆಯಾಗಿ ಉರಿಯುತ್ತದೆ. ಪೂರ್ತಿ ಉರಿದರೆ ಇಂಗಾಲದ ಡಯಾಕ್ಸೈಡು ಆಗಬೇಕಾದದ್ದು, ಅರೆಬರೆ ಉರಿದು ಇಂಗಾಲದ ಮೊನಾಕ್ಸೈಡು ಆಗುತ್ತದೆ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಕಣ್ಣನ್ನು ಉರಿಸದು, ಕೆಮ್ಮನ್ನು ತಾರದು. ಇದು ರಕ್ತದ ಹಿಮೋಗ್ಲೋಬಿನ್ನಿಗೆ ಅಂಟಿಕೊಳ್ಳುತ್ತದೆಂಬುದನ್ನು ಫ್ರಾನ್ಸಿನ ಕ್ಲಾಡ್ ಬರ್ನಾರ್ 19ನೆಯ ಶತಮಾನದ ನಡುವಿನಲ್ಲಿ ತೋರಿಸಿದನು. ಆಮ್ಲಜನಕಕ್ಕಿಂತ 200 ಪಟ್ಟಿಗೂ ಮಿಗಿಲಾದ ಒಲವಿನಿಂದ ಅದು ರಕ್ತವನ್ನು ಹಿಡಿಯುವುದರಿಂದ, ಗಾಳಿಯಲ್ಲಿ ಅದರ ಪಾಲು ತೀರ ಅಲ್ಪವಾಗಿದ್ದರೂ ಸಾಕು, ಉಸಿರಾಡುತ್ತಿರುವಂತೆಯೆ ಮನುಷ್ಯನ ಮೆದುಳಿಗೆ ಆಮ್ಲಜನಕ ತಪ್ಪಿಹೋಗುತ್ತದೆ. ಇಂಗ್ಲೆಂಡಿನ ಕಲ್ಲಿದ್ದಲ ಗಣಿಗಳಲ್ಲಿ ಸತ್ತವರ ಕಾರಣವನ್ನು ಶೋಧಿಸಿದ ಜಾನ್ ಸ್ಕಾಟ್ ಹಾಲ್ಡೇನ್, ಸಣ್ಣ ಪ್ರಾಣಿಗಳು ಈ ವಿಷಕ್ಕೆ ಮನುಷ್ಯನಿಗಿಂತ ಬೇಗ ತುತ್ತಾಗುತ್ತವೆಂದು ಕಂಡುಕೊಂಡನು. ಆ ಬಳಿಕ ಗಣಿಗಾರರು ಪಂಜರದ ಕೆನರಿ ಹಕ್ಕಿಯನ್ನು ಒಳಗೊಯ್ಯುವುದು ರೂಢಿಯಾಯಿತು. ಬ್ರಿಟನ್ನಿನ ಗಣಿಗಳಿಂದ ಆ ಹಕ್ಕಿಗಳಿಗೆ ಬಿಡುಗಡೆ ದೊರೆತದ್ದು 1986ರಲ್ಲಿ, ಅವುಗಳ ಕೆಲಸವನ್ನು ಯಂತ್ರಗಳು ವಹಿಸಿಕೊಂಡಾಗ.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ಬಿಡಿಸಬೇಕು. ಸಿಲಿಂಡರಿನ ಅನಿಲ ಸೋರಿದರೆ ವಾಸನೆ ಬರುತ್ತದೆಯಲ್ಲವೆ, ಹಾಗೆ ಇದೂ ತಿಳಿದೀತು ಎಂದು ಹಲವರು ನಂಬುತ್ತಾರೆ. ಸಿಲಿಂಡರಿನ ಅನಿಲಕ್ಕೆ ತನ್ನದೆಂಬ ವಾಸನೆ ಹೆಚ್ಚಿಲ್ಲ. ಸೋರಿದ್ದು ತಿಳಿಯಲೆಂದೇ ಗಂಧಕವುಳ್ಳ ಒಂದು ದ್ರವ್ಯವನ್ನು ಅದಕ್ಕೆ ಬೆರೆಸುತ್ತಾರೆ. ಅನಿಲ ಉರಿದಾಗ ಆ ದ್ರವ್ಯವೂ ಉರಿದುಹೋಗುತ್ತದೆ. ಆದುದರಿಂದ ವಾಸನೆಯಿಲ್ಲವೆಂದರೆ ಸೋರಿಕೆ ಇರಲಾರದೆಂದಷ್ಟೆ ತಿಳಿಯಬೇಕೇ ಹೊರತು ಅಪಾಯವಿಲ್ಲವೆಂದಲ್ಲ.

2025ರ ಅಕ್ಟೋಬರಿನಲ್ಲಿ ಮೈಸೂರು ಜಿಲ್ಲೆಯ ಪಿರಿಯಾಪಟ್ಟಣದಲ್ಲಿ, ಸ್ನಾನಕ್ಕೆಂದು ಹೋದ ಅಕ್ಕತಂಗಿಯರಿಬ್ಬರು ಗೀಸರಿನ ಅನಿಲದಿಂದ ಪ್ರಾಣ ಬಿಟ್ಟ ಸುದ್ದಿಯನ್ನು ನಾಡಿನ ಪತ್ರಿಕೆಗಳೆಲ್ಲ ಪ್ರಕಟಿಸಿದವು. ಇಂಥ ಸುದ್ದಿ ಅದೇ ಮೊದಲಲ್ಲ. ಚಳಿಗಾಲ ಬಂದಾಗಲೆಲ್ಲ ಒಂದಲ್ಲ ಒಂದು ಊರಿನಿಂದ ಅದು ಬರುತ್ತಿರುತ್ತದೆ. ಬಾಗಿಲು ಬಡಿದರೂ ಉತ್ತರವಿಲ್ಲ. ಒಡೆದು ನೋಡಿದರೆ ನಲ್ಲಿಯ ನೀರು ಹರಿಯುತ್ತಲೇ ಇದೆ. ಸುದ್ದಿಯನ್ನು ಓದಿ ನಾವು ಮರುಗುತ್ತೇವೆ. ನಮ್ಮ ಬಚ್ಚಲಿನ ಪೆಟ್ಟಿಗೆಯತ್ತ ಕಣ್ಣೆತ್ತಿ ನೋಡುವುದಿಲ್ಲ.

ಹಾಗಾದರೆ ನೋಡಬೇಕಾದದ್ದೇನು? ಮೊದಲನೆಯದು ಸ್ಥಳ. ಹೊಗೆಕೊಳವೆಯಿಲ್ಲದ ಗೀಸರು ಬಚ್ಚಲುಮನೆಯ ಒಳಗೆ ಇರಲೇ ಕೂಡದು. ಅದನ್ನು ಹೊರಗಿನ ಪಡಸಾಲೆಯಲ್ಲಾಗಲಿ ಹಿತ್ತಿಲ ಗೋಡೆಗಾಗಲಿ, ಗಾಳಿ ಆಡುವ ತೆರಪಿನಲ್ಲಿ ಕೂಡಿಸಿ, ಬಿಸಿನೀರನ್ನು ಮಾತ್ರ ನಳಿಗೆಯಿಂದ ಒಳಗೆ ತರಬೇಕು. ಕೊಳವೆಯುಳ್ಳ ಯಂತ್ರವಾದರೆ ಕೊಳವೆಯ ಬಾಯಿ ಮನೆಯ ಹೊರಗೆ ತೆರೆದಿರಬೇಕು; ಅದರಲ್ಲಿ ಹಕ್ಕಿ ಗೂಡು ಕಟ್ಟಿಲ್ಲವೆಂದೂ, ಕೀಲು ಸಡಿಲವಾಗಿಲ್ಲವೆಂದೂ ನೋಡಿಕೊಳ್ಳಬೇಕು. ಎಷ್ಟು ಚೊಕ್ಕಟ ಮಾಡಿದರೂ, ತಪ್ಪು ಜಾಗದಲ್ಲಿರುವ ಯಂತ್ರ ಅಪಾಯವೆ.

ಎರಡನೆಯದು ಉರಿಯ ಬಣ್ಣ. ಗೀಸರಿನ ಮುಂಭಾಗದಲ್ಲಿ ಉರಿಯನ್ನು ನೋಡಲು ಒಂದು ಕಿಂಡಿ ಇರುತ್ತದೆ. ಅದರಲ್ಲಿ ಕಾಣುವ ಜ್ವಾಲೆ ನೀಲಿಯಾಗಿ, ನಿಶ್ಚಲವಾಗಿ ಇರಬೇಕು. 1855ರಲ್ಲಿ ಹೈಡೆಲ್‌ಬರ್ಗಿನ ಬುನ್ಸೆನ್, ಅನಿಲಕ್ಕೆ ಮೊದಲೇ ಗಾಳಿ ಬೆರೆಸಿ ಉರಿಸುವ ಬರ್ನರನ್ನು ಬಳಕೆಗೆ ತಂದನು. ಇಂದಿನ ಒಲೆ ಗೀಸರುಗಳೆಲ್ಲ ಆ ತತ್ತ್ವದವು. ಗಾಳಿ ಸರಿಯಾಗಿ ಬೆರೆತರೆ ಉರಿ ನೀಲಿ, ಕಡಿಮೆಯಾದರೆ ಹಳದಿ. ಹಳದಿಯ ಬೆಳಕೆಂಬುದು ಉರಿಯದೆ ಉಳಿದು ಕಾದು ಹೊಳೆಯುವ ಇಂಗಾಲದ ಕಣಗಳ ಬೆಳಕು. ಮೈಕೇಲ್ ಫ್ಯಾರಡೆ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಮಕ್ಕಳಿಗೆ ಮೇಣದ ಬತ್ತಿಯ ಮೇಲೆ ಕೊಟ್ಟ ಪ್ರಸಿದ್ಧ ಉಪನ್ಯಾಸಗಳಲ್ಲಿ ವಿವರಿಸಿದ್ದು ಇದನ್ನೇ. ಬತ್ತಿಗೆ ಹಳದಿ ಬಣ್ಣ ಶೋಭೆ. ಗೀಸರಿಗೆ ಅದು ರೋಗದ ಲಕ್ಷಣ. ಒಂದೆರಡು ಕಿತ್ತಳೆಯ ಕಿಡಿಗಳು ಹಾರಿ ಮರೆಯಾದರೆ ಅದು ಧೂಳು, ಅಂಜಬೇಕಾಗಿಲ್ಲ. ಹಳದಿಯ ನಾಲಗೆ ನಿಂತೇ ಉರಿಯುತ್ತಿದ್ದರೆ, ಪೆಟ್ಟಿಗೆಯ ಮೇಲ್ಭಾಗದಲ್ಲಿ ಕರಿ ಮಸಿ ಹತ್ತಿದ್ದರೆ, ಹೊತ್ತುವಾಗ ತಡವಾಗಿ ಧಡ್ ಎಂಬ ಸದ್ದು ಬರುತ್ತಿದ್ದರೆ, ಅಂದಿನಿಂದಲೆ ಅದರ ಬಳಕೆಯನ್ನು ನಿಲ್ಲಿಸಬೇಕು.

ಮೂರನೆಯದು ಶುಚಿ. ಸಿಲಿಂಡರಿನ ರೆಗ್ಯುಲೇಟರನ್ನು ಮುಚ್ಚಿ, ನೀರಿನ ನಲ್ಲಿಯನ್ನು ನಿಲ್ಲಿಸಿ, ಕಿಡಿ ಕೊಡುವ ಬ್ಯಾಟರಿಗಳನ್ನು ತೆಗೆದು, ಯಂತ್ರ ತಣ್ಣಗಾದ ಮೇಲೆ ಕೆಲಸಕ್ಕೆ ತೊಡಗಬೇಕು. ಹೊರಗಿನ ಧೂಳನ್ನು ಒರೆಸುವುದು, ಗಾಳಿ ಹೋಗುವ ಸಂದುಗಳನ್ನು ಒಣ ಕುಂಚದಿಂದ ಗುಡಿಸುವುದು, ನೀರು ಬರುವ ಬಾಯಿಯಲ್ಲಿರುವ ಜಾಲರಿಯನ್ನು ತೊಳೆಯುವುದು, ಹಸಿರು ಕಿಲುಬು ಹಿಡಿದ ಬ್ಯಾಟರಿಯನ್ನು ಬದಲಿಸುವುದು, ಇಷ್ಟನ್ನು ಮನೆಯವರೇ ಮಾಡಬಹುದು. ರಬ್ಬರಿನ ನಳಿಗೆಯನ್ನು ಬಗ್ಗಿಸಿ ಬಿರುಕಿದೆಯೇ ಎಂದು ನೋಡಬೇಕು. ಕೊನೆಗೆ ಅನಿಲವನ್ನು ತೆರೆದು ಕೀಲುಗಳಿಗೆ ಸಾಬೂನಿನ ನೊರೆ ಹಚ್ಚಬೇಕು. ಗುಳ್ಳೆ ಎದ್ದರೆ ಸೋರಿಕೆಯುಂಟು. ಕಡ್ಡಿ ಗೀರಿ ಪರೀಕ್ಷಿಸುವ ಸಾಹಸವನ್ನು ಯಾರೂ ಮಾಡಬಾರದು.

ಒಳಗಿನ ಕೆಲಸವನ್ನು ಬಲ್ಲ ಮೆಕ್ಯಾನಿಕನಿಗೆ ಬಿಡಬೇಕು. ಆದರೆ ಅವನು ಏನು ಮಾಡಬೇಕೆಂಬುದು ನಮಗೆ ಗೊತ್ತಿರಬೇಕು. ಬರ್ನರಿನ ರಂಧ್ರಗಳಲ್ಲಿ ಧೂಳು, ಬಟ್ಟೆಯ ನವಿರು, ಸತ್ತ ಹುಳು, ಜೇಡರ ಬಲೆ ಸೇರಿಕೊಳ್ಳುತ್ತವೆ. ಅವು ಗಾಳಿಯ ಹಾದಿಯನ್ನು ಕಟ್ಟುವುದರಿಂದ ಉರಿ ಹಳದಿಯಾಗುತ್ತದೆ. ಅನಿಲ ಹೊರಬರುವ ಸೂಕ್ಷ್ಮ ರಂಧ್ರಕ್ಕೆ ಸೂಜಿ ಚುಚ್ಚುವುದು ತಪ್ಪು. ಕಣ್ಣು ಕೊಂಚ ಹಿಗ್ಗಿದರೂ ಅನಿಲ ಹೆಚ್ಚಿ, ಅದಕ್ಕೆ ತಕ್ಕ ಗಾಳಿ ಸಾಲದೆ ಹೋಗುತ್ತದೆ. ಬರ್ನರಿನ ಮೇಲೆ ನೀರು ಹರಿಯುವ ತಾಮ್ರದ ಕೊಳವೆಯೂ ಅದಕ್ಕೆ ಹೊಂದಿಸಿದ ತೆಳುತಗಡುಗಳ ಸಾಲೂ ಇವೆ. ಆ ತಗಡುಗಳ ನಡುವಿನ ಸಂದೇ ಉರಿದ ಅನಿಲಕ್ಕೆ ದಾರಿ. ಅಲ್ಲಿ ಮಸಿ ತುಂಬಿದರೆ ದಾರಿ ಕಟ್ಟುತ್ತದೆ. ದಾರಿ ಕಟ್ಟಿದರೆ ಉರಿ ಮತ್ತಷ್ಟು ಕೆಡುತ್ತದೆ. ಕೆಟ್ಟ ಉರಿ ಇನ್ನಷ್ಟು ಮಸಿಯನ್ನು ಕೂಡಿಸುತ್ತದೆ. ಹಂಡೆಯ ತಳದ ಮಸಿ ನೀರನ್ನು ತಡವಾಗಿ ಕಾಯಿಸುತ್ತಿತ್ತು, ಅಷ್ಟೆ. ಈ ಮಸಿ ಪ್ರಾಣವನ್ನು ತೆಗೆಯಬಲ್ಲುದು. ಗಡಸು ನೀರಿನ ಊರುಗಳಲ್ಲಿ ಕೊಳವೆಯ ಒಳಗೆ ಸುಣ್ಣದ ಪದರವೂ ಕಟ್ಟುತ್ತದೆ. ಅದನ್ನೂ ಕರಗಿಸಿ ತೆಗೆಸಬೇಕು.

ಇಷ್ಟಾದ ಮೇಲೂ ಕೆಲವು ಚಿಹ್ನೆಗಳನ್ನು ಮನೆಯವರೆಲ್ಲ ಅರಿತಿರಬೇಕು. ಸ್ನಾನ ಮಾಡುವಾಗ ತಲೆನೋವು, ತಲೆಸುತ್ತು, ಓಕರಿಕೆ, ಕಾಲಿನಲ್ಲಿ ಬಲವಿಲ್ಲದಂತಾಗುವುದು. ಹೊರಗೆ ಬಂದು ಕುಳಿತರೆ ಹಗುರವಾಗುವುದು. ಒಬ್ಬರಿಗೆ ಆದದ್ದು ಇನ್ನೊಬ್ಬರಿಗೂ ಆಗುವುದು. ಪಿತ್ತವೆಂದೊ ನಿತ್ರಾಣವೆಂದೊ ಇದನ್ನು ತಳ್ಳಿಹಾಕಬಾರದು. ಯಾರಾದರೂ ಕುಸಿದಿದ್ದರೆ ಬಾಗಿಲು ತೆರೆದು, ಅವರನ್ನು ಕೂಡಲೆ ಬಯಲಿಗೆ ತಂದು, ಅನಿಲವನ್ನು ಮುಚ್ಚಿ, 108ಕ್ಕೆ ಕರೆ ಮಾಡಬೇಕು. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರು ಇಲ್ಲಿ ನಂಬತಕ್ಕದ್ದಲ್ಲ. ವಿಷವನ್ನು ಹೊತ್ತ ರಕ್ತವನ್ನೂ ಅದು ಆಮ್ಲಜನಕವುಳ್ಳ ರಕ್ತವೆಂದೇ ಎಣಿಸುತ್ತದೆ. ಅನಿಲದ ವಾಸನೆಯೇ ಬಂದರೆ ದೀಪದ ಗುಂಡಿಯನ್ನು ಮುಟ್ಟದೆ, ಕಿಟಕಿ ಬಾಗಿಲುಗಳನ್ನು ತೆರೆದು ಹೊರಗೆ ಹೋಗಿ 1906ಕ್ಕೆ ತಿಳಿಸಬೇಕು.

ಬಲ್ಲವರು ಇದನ್ನೆಲ್ಲ ಹಿಂದೆಯೂ ಹೇಳಿದ್ದಾರೆ, ಆದರೂ ನಡೆಯುವುದಿಲ್ಲ. ಇದಕ್ಕೆ ಅಜ್ಞಾನವೊಂದೇ ಕಾರಣವೆಂದು ನನಗೆ ತೋರುವುದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ. ಕೆ. ಎನ್. ರೆಡ್ಡಿಯವರ ನೇತೃತ್ವದಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರ, ಹಳ್ಳಿಯ ಮನೆಗಳಿಗೆಂದು ಹೊಗೆಕೊಳವೆಯ ಒಲೆಯನ್ನು ರೂಪಿಸಿತು. ಕಟ್ಟಿಗೆ ಉಳಿಸುವ, ಹೊಗೆಯನ್ನು ಹೊರಗೊಯ್ಯುವ ಒಳ್ಳೆಯ ಒಲೆ ಅದು. ಆದರೆ ಕೊಳವೆಯ ಮಸಿಯನ್ನು ಆಗಾಗ ಕೊಡಹದಿದ್ದರೆ ಎಂಥ ಒಳ್ಳೆಯ ಒಲೆಯೂ ಹೊಗೆಯನ್ನು ಒಳಗೇ ಉಗುಳುತ್ತದೆ. ಉಪಕರಣವನ್ನು ಮನೆಗೆ ತರುವುದು ಒಂದು ದಿನದ ಕೆಲಸ. ಅದರ ಆರೈಕೆಯನ್ನು ಮನೆಯ ನಡವಳಿಕೆಯಲ್ಲಿ ಸೇರಿಸುವುದು ತಲೆಮಾರಿನ ಕೆಲಸ. ಮಣ್ಣಿನ ಒಲೆಗೆ ಆ ನಡವಳಿಕೆ ಬೆಳೆದು ಬಂದಿತ್ತು. ಗೀಸರಿಗೆ ಅದು ಇನ್ನೂ ಹುಟ್ಟಿಲ್ಲ. ಬೂದಿ ಬೀಳದ್ದರಿಂದ ತೋಡುವ ನೆನಪಾಗದು. ಹೊಗೆ ಕಾಣದ್ದರಿಂದ ಕಿಂಡಿಯ ನೆನಪಾಗದು.

ಆದರೆ ಹೊಸದಾಗಿ ಹುಟ್ಟಿಸಬೇಕಾಗಿಯೂ ಇಲ್ಲ. ನಮ್ಮ ಪಂಚಾಂಗದಲ್ಲಿಯೆ ಅದಕ್ಕೊಂದು ದಿನವುಂಟು. ನರಕಚತುರ್ದಶಿಯ ಹಿಂದಿನ ಸಂಜೆ ನೀರು ತುಂಬುವ ಹಬ್ಬ. ಆ ದಿನ ಬಚ್ಚಲನ್ನು ತಿಕ್ಕಿ ತೊಳೆಯುತ್ತಾರೆ. ಹಂಡೆಯನ್ನು ಹುಣಿಸೆಹಣ್ಣು ಹಾಕಿ ಬೆಳಗುತ್ತಾರೆ. ಒಲೆಯ ಬೂದಿಯನ್ನೆಲ್ಲ ತೆಗೆದು ಸಾರಿಸಿ, ಸುಣ್ಣ ಕೆಮ್ಮಣ್ಣುಗಳ ಪಟ್ಟೆ ಬಳಿದು, ಹೊಸ ನೀರು ತುಂಬಿ ಪೂಜೆ ಮಾಡುತ್ತಾರೆ. ಮರುದಿನ ನಸುಕಿನಲ್ಲಿ ಮನೆಮಂದಿಗೆಲ್ಲ ಎಣ್ಣೆಯ ಸ್ನಾನ. ಚಳಿಗಾಲ ಕಾಲಿಡುವ ಮುನ್ನ, ವರ್ಷಕ್ಕೊಮ್ಮೆ, ನೀರು ಕಾಯಿಸುವ ಸಾಧನವನ್ನು ಪೂರ್ತಿಯಾಗಿ ತೆರೆದು ನೋಡಿ ಚೊಕ್ಕಟ ಮಾಡುವ ಏರ್ಪಾಡಲ್ಲದೆ ಇದು ಮತ್ತೇನು? ಗ್ಯಾಸ್ ಗೀಸರನ್ನು ವರ್ಷಕ್ಕೊಮ್ಮೆಯಾದರೂ ಪರೀಕ್ಷಿಸಬೇಕೆಂದು ಅದನ್ನು ತಯಾರಿಸುವವರು ಹೇಳುತ್ತಾರೆ. ಬಚ್ಚಲಿನ ಕಿಟಕಿಗಳು ಮುಚ್ಚಲು ತೊಡಗುವ ಕಾಲಕ್ಕೆ ಸರಿಯಾಗಿ ಆ ದಿನವನ್ನು ಗೊತ್ತುಮಾಡಿಟ್ಟವರು ನಮ್ಮ ಹಿರಿಯರು.

ಹಂಡೆ ಅಟ್ಟಕ್ಕೆ ಹೋದ ಮನೆಗಳಲ್ಲಿ ಈಗ ಆ ಹಬ್ಬ ಬಕೆಟ್ಟಿಗೆ ಕುಂಕುಮ ಹಚ್ಚುವಲ್ಲಿಗೆ ಮುಗಿಯುತ್ತಿದೆ. ಕುಂಕುಮ ಹಚ್ಚಲಿ, ಅದರೊಡನೆ ಅಂದು ಮಧ್ಯಾಹ್ನವೇ ಮೆಕ್ಯಾನಿಕನನ್ನು ಕರೆಸಿ ಗೀಸರಿನ ಮುಚ್ಚಳವನ್ನು ಬಿಚ್ಚಿಸಲಿ. ರಬ್ಬರಿನ ನಳಿಗೆಗೆ ನೊರೆ ಹಚ್ಚಿ ನೋಡಲಿ. ಒಳಗಿರುವ ಯಂತ್ರವನ್ನು ಹಿತ್ತಿಲ ಗೋಡೆಗೆ ಸಾಗಿಸಲಿ. ವಿಜ್ಞಾನ ಕಲಿಸುವ ಅಧ್ಯಾಪಕರು ಜ್ವಾಲೆಯ ಪಾಠವನ್ನು ದೀಪಾವಳಿಯ ರಜೆಗೆ ಮುಂಚಿನ ವಾರದಲ್ಲಿ ಇಟ್ಟುಕೊಂಡು, ನಿಮ್ಮ ಮನೆಯ ಉರಿ ಯಾವ ಬಣ್ಣದ್ದೆಂದು ನೋಡಿಬನ್ನಿರಿ ಎಂದು ಮಕ್ಕಳಿಗೆ ಹೇಳಿ ಕಳಿಸಬಹುದು. ಹಳದಿ ಎಂದು ಒಂದು ಮಗು ಬಂದು ಹೇಳಿದರೂ, ಆ ಪಾಠದಿಂದ ಒಂದು ಮನೆ ಉಳಿದಂತಾಗುವುದು.